ಸಹಾಯ ಬೇಕು: ಹಳೇ ಜೀಪಿಗೆ ಯಾವ ಕ್ರೌನ್ ಪಿನಿಯನ್?

ನಮಸ್ಕಾರ, ನಾನು ಆಲ್ದೂರು ಕಡೆಯವನು. ಅಪ್ಪನ ಕಾಲದ ಮಹೀಂದ್ರ ಡೀಸೆಲ್ ಜೀಪ್ ಇದೆ, ಟೂ ವೀಲ್ ಡ್ರೈವ್. ಮೊನ್ನೆ ಹಿಂದಿನ ಹೌಸಿಂಗ್ ಬಿಚ್ಚಿದಾಗ ಕ್ರೌನ್ ಪಿನಿಯನ್, ಅಂದರೆ ಇಂಜಿನ್ ಸುತ್ತನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಗೇರ್ ಜೋಡಿಯ ಹಲ್ಲು ಎಣಿಸಿದೆ: ಕ್ರೌನ್ 43, ಪಿನಿಯನ್ 8. ಅಂದರೆ ಅನುಪಾತ 5.38; ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ 5.38 ಸುತ್ತು ತಿರುಗಬೇಕು.

ಕಾಫಿ ಮೂಟೆ ಹೇರಿಕೊಂಡು ತೋಟದ ಏರು ಆರಾಮಾಗಿ ಹತ್ತುತ್ತದೆ, ಅದರಲ್ಲಿ ಮಾತಿಲ್ಲ. ಹಾಸನಕ್ಕೆ ಹೊರಟರೆ ಮಾತ್ರ 60 ದಾಟುವಷ್ಟರಲ್ಲಿ ಇಂಜಿನ್ ಅರಚಿಕೊಳ್ಳುತ್ತದೆ. ಪಕ್ಕದವರ ಜೊತೆ ಕೂಗಿಯೇ ಮಾತಾಡಬೇಕು!

ಮೆಕ್ಯಾನಿಕ್ 4.27 ಅನುಪಾತದ್ದು ಹಾಕಿಸಿ ಅಂತಾರೆ. ಅದೇ ಸ್ಪೀಡಿಗೆ ಇಂಜಿನ್ ಸುತ್ತು ನೂರಕ್ಕೆ 20ರಷ್ಟು ಕಮ್ಮಿಯಾಗುತ್ತದೆ, ಸರಿ. ಆದರೆ ಏರಿನಲ್ಲಿ ಎಳೆತವೂ ಅಷ್ಟೇ ಹೋಗುತ್ತದೆ ಅಲ್ವಾ? 4.88 ಆದರೆ ಬರೀ 9ರಷ್ಟು. ನನ್ನ ಮನಸ್ಸು ಅದರ ಕಡೆಗಿದೆ.

4.27 ಹಾಕಿಸಿದವರು ಯಾರಾದರೂ ಲೋಡ್ ಸಮೇತ ಚಾರ್ಮಾಡಿ ಹತ್ತಿದ್ದೀರಾ? ಸುಮ್ನೆ ಅಂದಾಜು ಬೇಡ, ಓಡಿಸಿದವರೇ ಹೇಳಿ.