ಸಹಾಯ ಬೇಕು: ಅಮ್ಮನೊಂದಿಗೆ ಪೋರ್ಟೊ ಮತ್ತು ದೌರೊ ಕಣಿವೆ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಮಂಡಿನೋವಿರುವ ನನ್ನ ತಾಯಿಯವರನ್ನು ಪೋರ್ಚುಗಲ್‌ನ ಪೋರ್ಟೊ ನಗರಕ್ಕೂ, 1756ರಲ್ಲೇ ದ್ರಾಕ್ಷಾರಸಕ್ಕಾಗಿ ಎಲ್ಲೆ ಗೊತ್ತುಪಡಿಸಲಾದ ದೌರೊ ಕಣಿವೆಗೂ ಕರೆದೊಯ್ಯುತ್ತಿದ್ದೇನೆ. ಅಮ್ಮ ವೈನ್ ಮುಟ್ಟುವವರಲ್ಲ. ಆ ಕಣಿವೆಯ ಪಿನ್ಯಾವ್ ಊರಿನ ರೈಲು ನಿಲ್ದಾಣದ ಗೋಡೆಯ ಮೇಲೆ ನೀಲಿ ಟೈಲ್ಸ್‌ಗಳಲ್ಲಿ ಚಿತ್ರಿಸಿರುವ ಕೊಯ್ಲಿನ ದೃಶ್ಯಗಳನ್ನು ನೋಡಬೇಕೆಂಬುದೇ ಅವರ ಆಸೆ. ಪೋರ್ಟೊದಿಂದ ಅಲ್ಲಿಗೆ ರೈಲಿನಲ್ಲಿ ಹೋಗುವಾಗ ಬಲಬದಿಯ ಕಿಟಕಿಯಲ್ಲಿ ಕುಳಿತರೆ ದೌರೊ ನದಿ ಕಾಣುತ್ತದೆಂದು ಬಲ್ಲೆ, ಆದರೆ ಆ ರೈಲಿನ ಮೆಟ್ಟಿಲುಗಳು ವಯಸ್ಸಾದವರು ಹತ್ತುವಷ್ಟು ತಗ್ಗಾಗಿವೆಯೇ? ಒಂದೇ ದಿನದಲ್ಲಿ ಹಿಂತಿರುಗುವುದು ಮೇಲೋ, ಪಿನ್ಯಾವ್‌ನಲ್ಲಿ ಒಂದು ರಾತ್ರಿ ತಂಗುವುದು ಮೇಲೋ? ಪೋರ್ಟೊದಲ್ಲಿ ನದಿದಡದ ಹಳೆಯ ಬಡಾವಣೆ ರಿಬೇರಾದ ಕಡಿದಾದ ಓಣಿಗಳನ್ನು ತಪ್ಪಿಸಿ, 1886ರ ಡೋಮ್ ಲೂಯಿಸ್ ಸೇತುವೆಯ ಮೇಲಂತಸ್ತನ್ನು ಮೆಟ್ರೊದಲ್ಲಿ ದಾಟಿ, ನದಿಯಾಚೆಯ ಗಾಯಾ ದಡಕ್ಕೆ ಕೇಬಲ್ ಕಾರಿನಲ್ಲಿ ಇಳಿಯುವ ಯೋಚನೆಯಿದೆ. ಹಿರಿಯರೊಂದಿಗೆ ಹೀಗೆ ಹೋಗಿಬಂದವರು, ಮೊಟ್ಟೆಯನ್ನೂ ತಿನ್ನದವರಿಗೆ ಅಲ್ಲಿ ಊಟಕ್ಕೆ ಏನು ಸಿಗುತ್ತದೆಂಬುದನ್ನೂ ಸೇರಿಸಿ, ದಯವಿಟ್ಟು ತಿಳಿಸಿ.