ತತ್ತಿ ವಾರದೊಳಗ ಕೆಡಾಕತ್ತಾವ, ಔಷಧನೂ ನಾಟವಲ್ದು: ಏನ್ ಮಾಡ್ಬೇಕ್ರಿ?

ರಾಣೆಬೆನ್ನೂರು ಲೇಯರ್:
2,000 ಲೇಯರ್ (ತತ್ತಿ ಇಡೋ) ಕೋಳಿ, ಭತ್ತದ ಹೊಟ್ಟಿನ ಮ್ಯಾಲ ಸಾಕೀವ್ರಿ. ಹಿಕ್ಕಿ ಹತ್ತಿದ ತತ್ತಿ ಬಕೆಟ್ ನೀರಾಗ ತೊಳದು ಟ್ರೇಕ ಹಾಕ್ತೀವಿ. ಹುಬ್ಬಳ್ಳಿ ಅಂಗಡಿಯವ್ರು ಒಳಗ ಹಸಿರಾಗೇತಿ, ನಾರತೈತಿ ಅಂತಾರ. ಕೋಳಿ ತೆಳ್ಳಗ ಹಿಕ್ಕಿ ಹಾಕ್ತಾವ, ಎನ್ರೋಫ್ಲಾಕ್ಸಸಿನ್ ಅನ್ನೋ ಆ್ಯಂಟಿಬಯೋಟಿಕ್ ಕೊಟ್ರೂ ನಿಂತಿಲ್ಲ. ಡೋಸ್ ಡಬಲ್ ಮಾಡ್ಲೇನ್ರಿ?

ಧಾರವಾಡ ಶೆಡ್:
ಡಬಲ್ ಮಾಡಬ್ಯಾಡ್ರಿ. ಮೊದಲ ಆ ಬಕೆಟ್ ತಗದ ಒಗೀರಿ. ಈಗ ಇಟ್ಟ ತತ್ತಿ ಬೆಚ್ಚಗಿರ್ತೈತಿ. ತಣ್ಣೀರಾಗ ಅದ್ದಿದ್ರ ಒಳಗಿನದು ಕುಗ್ಗಿ, ಸಿಪ್ಪಿಯ ಸಣ್ಣ ತೂತಿನಿಂದ ಹಿಕ್ಕಿ ನೀರನ್ನ ಎಳಕೋತೈತಿ. ಮ್ಯಾಲಿನ ಕಾಪಾಡೋ ಪೊರೆನೂ ಹೋಗತೈತಿ. ಹಸಿರು ಕೊಳೆ ಸಾಮಾನ್ಯವಾಗಿ ಸ್ಯೂಡೊಮೊನಾಸ್‌ದು, ಅದು ನೀರಾಗ ಬೆಳೆಯೋ ಬ್ಯಾಕ್ಟೀರಿಯಾ. ಒಣಗಿದ ಹಿಕ್ಕಿ ಸಣ್ಣ ಉಸುಕಿನ ಕಾಗದದಿಂದ ಉಜ್ಜಿ ತಗೀರಿ. ಭಾಳ ಹೊಲಸಾದದ್ದು ಮಾರಬ್ಯಾಡ್ರಿ. ತೊಳೀಲೇಬೇಕಂದ್ರ ನೀರು ತತ್ತಿಗಿಂತ 10–12 ಡಿಗ್ರಿ ಬಿಸಿ ಇರಬೇಕು, ಹರಿಯೋ ನೀರಾಗಬೇಕು, ಕೂಡಲೇ ಒಣಗಿಸಬೇಕು.

ಖರೇ ಅಂದ್ರ ಹೊಲಸಾಗೂದ ತಪ್ಪಬೇಕು. 5 ಕೋಳಿಗೆ ಒಂದು ಗೂಡು, ದಿನಕ್ಕ 4 ಸಲ ತತ್ತಿ ಆರಿಸೂದು, ರಾತ್ರಿ ಗೂಡು ಮುಚ್ಚೂದು. ಹೊಟ್ಟನ್ನ ಮುಷ್ಟ್ಯಾಗ ಹಿಚುಕಿ ಬಿಡ್ರಿ, ಉಂಡಿ ಹಂಗ ನಿಂತ್ರ ತೇವ ಹೆಚ್ಚಾಗೇತಿ. ಕೋಳಿ ನೀರು ಕುಡಿಯೋ ನಿಪ್ಪಲ್ ಎಲ್ಲಿ ಸೋರತೈತಿ ನೋಡ್ರಿ.

ಗದಗ ಪಶುವೈದ್ಯ:
ಎನ್ರೋಫ್ಲಾಕ್ಸಸಿನ್ ತತ್ತಿ ಇಡುವ ಕೋಳಿಗೆ ಕೊಡಲೇಬಾರದಿತ್ತು. ಒಂದು ಹಳದಿ ತುಂಬಿಕೊಳ್ಳಲು ಸುಮಾರು 10 ದಿನ ಬೇಕು, ಆ ದಿನಗಳ ಔಷಧ ಅದರೊಳಗೆ ಸೇರುತ್ತದೆ. ಈಗಲೇ ನಿಲ್ಲಿಸಿ, ಎಷ್ಟು ದಿನ ತತ್ತಿ ಮಾರಬಾರದು ಎಂದು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ.

ಔಷಧ ನಾಟದಿರಲು ಕಾರಣ, ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಅದಕ್ಕೆ ಬಗ್ಗದಂತೆ (ನಿರೋಧಕ) ಆಗಿರಬಹುದು, ಕಾಯಿಲೆ ಬ್ಯಾಕ್ಟೀರಿಯಾದ್ದೇ ಅಲ್ಲದಿರಲೂಬಹುದು. ಜಂತು, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ, ಆಹಾರದಲ್ಲಿ ಉಪ್ಪು ಹೆಚ್ಚಾದರೂ ತೆಳ್ಳಗೇ ಹಾಕುತ್ತವೆ. ಅದಕ್ಕೇ ಪರೀಕ್ಷೆ ಬೇಕು. ಆಗಷ್ಟೇ ಸತ್ತ 2–3 ಕೋಳಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಪಶುವೈದ್ಯಕೀಯ ಪ್ರಯೋಗಾಲಯಕ್ಕೆ ಮುಟ್ಟಿಸಿ, ಫ್ರೀಜರ್‌ನಲ್ಲಿ ಇಡಬೇಡಿ. ಯಾವ ಔಷಧ ಕೊಟ್ಟಿದ್ದೀರಿ ಎಂಬ ಚೀಟಿ ಜೊತೆಗಿರಲಿ. ಬ್ಯಾಕ್ಟೀರಿಯಾ ಬೆಳೆಸಲು ಒಂದು ದಿನ, ಅದರ ಮೇಲೆ ಔಷಧದ ಬಿಲ್ಲೆ ಇಟ್ಟು ನೋಡಲು ಇನ್ನೊಂದು ದಿನ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಇಲ್ಲದ ಖಾಲಿ ವರ್ತುಲ ಬೀಳದಿದ್ದರೆ ಆ ಔಷಧ ದಂಡ.

ಅಂಗಡಿಯವರು ಕೊಲಿಸ್ಟಿನ್ ಕೊಟ್ಟರೆ ತರಬೇಡಿ. ಐಸಿಯುನಲ್ಲಿ ಬೇರೇನೂ ನಾಟದ ರೋಗಿಗೆ ಉಳಿದಿರುವ ಔಷಧ ಅದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ 2019ರಲ್ಲೇ ನಿಷೇಧವಾಗಿದೆ. ಕೊಲಿಸ್ಟಿನ್ ನಾಟದಂತೆ ಮಾಡುವ ನಿರೋಧಕ ಜೀನು ಇ. ಕೋಲೈನಿಂದ ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ.

ರಾಣೆಬೆನ್ನೂರು ಲೇಯರ್:
ನಿಲ್ಲಿಸಿದ್ನಿರಿ. ಕೋಳಿ ಕುಡಿಯೋ ನೀರಿಗೆ ಬ್ಲೀಚಿಂಗ್ ಪುಡಿ ಎಷ್ಟ್ ಹಾಕ್ಬೇಕು? ಈ ತತ್ತಿ ಮನ್ಯಾಗ ಬೇಯಿಸಿ ತಿನ್ನಬಹುದೇನ್ರಿ?

ಗದಗ ಪಶುವೈದ್ಯ:
33% ಕ್ಲೋರಿನ್ ಇರುವ ಹೊಸ ಪುಡಿ 1,000 ಲೀಟರ್‌ಗೆ 10 ಗ್ರಾಂ. ಬಕೆಟ್‌ನಲ್ಲಿ ಕರಗಿಸಿ, ಗಸಿ ಬಿಟ್ಟು ತಿಳಿ ಮಾತ್ರ ಟ್ಯಾಂಕಿಗೆ ಸುರಿದು ಅರ್ಧ ತಾಸು ಬಿಡಿ. ನೀರಲ್ಲಿ ಲಸಿಕೆ ಹಾಕುವ ಹಿಂದಿನ ದಿನ, ಆ ದಿನ, ಮರುದಿನ ಕ್ಲೋರಿನ್ ಬೇಡ, ಲಸಿಕೆ ಸಾಯುತ್ತದೆ.

ನಿರೋಧಕ ಬ್ಯಾಕ್ಟೀರಿಯಾ ಬಿಸಿಗೇನೂ ಗಟ್ಟಿಯಲ್ಲ, ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದರೆ ಸಾಯುತ್ತದೆ. ಆದರೆ ಒಳಗಿನ ಎನ್ರೋಫ್ಲಾಕ್ಸಸಿನ್ ಕುದಿಸಿದರೂ ಹೋಗುವುದಿಲ್ಲ. ಮನೆಯವರಿಗೂ ಕೊಡಬೇಡಿ, ಗುಂಡಿ ತೋಡಿ ಹೂಳಿ.