ಉರ್ಸುಲಾ ಲೆ ಗ್ವಿನ್ ಓದಿದವರು ಇದ್ದೀರಾ? ಮುಂದೆ ಯಾವ ಪುಸ್ತಕ ಹಿಡಿಯಲಿ?

ಪೊನ್ನಂಪೇಟೆ ಓದುಗಿ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಅಣ್ಣನ ಹಳೇ ಪೆಟ್ಟಿಗೆಯಲ್ಲಿ 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್' ಅನ್ನೋ ಸಣ್ಣ ಪುಸ್ತಕ ಸಿಕ್ಕಿತು. ಎರಡು ರಾತ್ರಿ ಟಾರ್ಚ್ ಹಿಡಿದು ಓದಿ ಮುಗಿಸಿದೆ. ಸೈನ್ಸ್ ಫಿಕ್ಷನ್ ನನಗೆ ಹೊಸತು. ರಾಕೆಟ್ಟು, ರೋಬೋಟು ಅಂದರೆ ದೂರ ಇದ್ದವಳು. ಆದರೆ ಇದು ಕಾಡಿನ ಕಥೆ. ಭೂಮಿಯಲ್ಲಿ ಮರಗಳೇ ಮುಗಿದುಹೋಗಿವೆ, ಅದಕ್ಕೆ ಇಲ್ಲಿನವರು ಇನ್ನೊಂದು ಗ್ರಹಕ್ಕೆ ಹೋಗಿ ಅಲ್ಲಿನ ಮರ ಕಡಿದು ಸಾಗಿಸುತ್ತಾರೆ. ಅಲ್ಲಿನ ಜನರ ಭಾಷೆಯಲ್ಲಿ ಕಾಡಿಗೂ ಲೋಕಕ್ಕೂ ಒಂದೇ ಪದ, ಅತ್‌ಶೆ. ಅದನ್ನು ಓದಿ ಪುಸ್ತಕ ಮಡಚಿ ಸುಮ್ನೆ ಕೂತುಬಿಟ್ಟೆ. ನಮ್ಮ ಮನೆ ಹಿಂದೆಯೇ ದೇವರಕಾಡು ಇದೆ. ಅಲ್ಲಿ ತಾನಾಗಿ ಮುರಿದುಬಿದ್ದ ಕೊಂಬೆಯನ್ನೂ ಸೌದೆಗೆ ತರಲು ಅಜ್ಜಿ ಬಿಡುತ್ತಿರಲಿಲ್ಲ. ಪುಸ್ತಕದಲ್ಲಿ ಒಂದು ದ್ವೀಪದ ಮರವನ್ನೆಲ್ಲ ಕಡಿದ ಮೇಲೆ ಮಣ್ಣು ಮಳೆಗೆ ತೊಳೆದುಹೋಗುವ ಮಾತು ಬರುತ್ತದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿದದ್ದು ಕಂಡವರಿಗೆ ಅದು ಬರೀ ಕಥೆ ಅನ್ನಿಸುವುದಿಲ್ಲ, ಅಲ್ವಾ?

ಈ ಲೇಖಕಿ ಯಾರು? ಇಂಥದ್ದು ಅವರಿಗೆ ಹೇಗೆ ಹೊಳೆಯಿತು? ನನ್ನ ಹನ್ನೆರಡು ವರ್ಷದ ಮಗಳಿಗೆ ಕೊಡುವಂಥ ಪುಸ್ತಕ ಏನಾದರೂ ಬರೆದಿದ್ದಾರಾ?

ಮಡಿಕೇರಿ ಮೇಷ್ಟ್ರು:

ತಂಗೀ, ಅವರ ಮನೆ ಕಥೆ ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಹುಟ್ಟಿದ್ದು 1929ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ತಂದೆ ಆಲ್ಫ್ರೆಡ್ ಕ್ರೋಬರ್, ಅಮೆರಿಕದ ಮೂಲನಿವಾಸಿಗಳ ಭಾಷೆ, ಬದುಕನ್ನು ಅಧ್ಯಯನ ಮಾಡಿದ ದೊಡ್ಡ ವಿದ್ವಾಂಸ. 1911ರಲ್ಲಿ ಯಾಹಿ ಅನ್ನುವ ಕುಲದ ಕೊನೆಯ ಮನುಷ್ಯ ಒಬ್ಬನೇ ಕಾಡಿನಿಂದ ಹೊರಗೆ ಬಂದ. ಅವನ ಜನರನ್ನೆಲ್ಲ ಬಿಳಿಯರು ಕೊಂದು ಮುಗಿಸಿದ್ದರು. ತನ್ನ ಹೆಸರನ್ನು ತಾನೇ ಹೇಳಬಾರದು ಅನ್ನುವುದು ಅವರ ಪದ್ಧತಿ, ಅವನಿಗಾಗಿ ಹೇಳಲು ಕುಲದವರು ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು ಇಶಿ ಅಂತ ಕರೆದರು. ಇಶಿ ಅಂದರೆ ಅವನ ಭಾಷೆಯಲ್ಲಿ 'ಮನುಷ್ಯ', ಅಷ್ಟೇ. ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಮ್ಮಿನಲ್ಲೇ ಇದ್ದ, 1916ರಲ್ಲಿ ಕ್ಷಯ ಬಂದು ಸತ್ತ. ನಿಜವಾದ ಹೆಸರು ಯಾರಿಗೂ ಗೊತ್ತಾಗಲೇ ಇಲ್ಲ. ಉರ್ಸುಲಾ ಹುಟ್ಟಿದ್ದು ಅದಾಗಿ 13 ವರ್ಷಕ್ಕೆ. 1961ರಲ್ಲಿ ಅವರ ತಾಯಿ ಥಿಯೋಡೋರಾ ಇಶಿಯ ಜೀವನವನ್ನು ಪುಸ್ತಕ ಮಾಡಿದರು.

ಈಗ ನೋಡಿ, 1968ರಲ್ಲಿ ಮಗಳು 'ಎ ವಿಝರ್ಡ್ ಆಫ್ ಅರ್ಥ್‌ಸೀ' ಬರೆದರು. ಅದರಲ್ಲಿ ಮಾಂತ್ರಿಕರ ಶಕ್ತಿಯೆಲ್ಲ ನಿಂತಿರುವುದು ಹೆಸರಿನ ಮೇಲೆ. ಕಲ್ಲಿಗೆ, ಅಲೆಗೆ, ಹಕ್ಕಿಗೆ, ಮನುಷ್ಯನಿಗೆ ಒಂದು ನಿಜ ಹೆಸರು ಇರುತ್ತದೆ, ಅದನ್ನು ತೀರಾ ನಂಬಿದವರಿಗಷ್ಟೇ ಹೇಳುತ್ತಾರೆ. ಇದು ಇಶಿಯಿಂದಲೇ ಬಂತು ಅಂತ ನಾನು ಸಾಧಿಸುವುದಿಲ್ಲ. ಆದರೆ ಎರಡನ್ನೂ ಒಂದರ ಹಿಂದೆ ಒಂದು ಓದಿದಾಗ ಮೈ ಜುಮ್ಮೆಂದಿತು. ನಮ್ಮಲ್ಲೂ ರಾತ್ರಿ ಹೊತ್ತು ಹಾವು ಅನ್ನಬೇಡ, ಹುಳ ಅನ್ನು ಅಂತ ಹಿರಿಯರು ಗದರುತ್ತಿದ್ದರಲ್ಲ!

ಸೋಮವಾರಪೇಟೆ ಕಾಫಿಗಾರ:

ಅಕ್ಕಾ, ನೀವು ಓದಿದ ಪುಸ್ತಕ ನನಗೂ ಇಷ್ಟ, ಆದರೆ ಒಂದು ತಕರಾರಿದೆ. ವಿಯೆಟ್ನಾಂ ಯುದ್ಧದ ಸಿಟ್ಟಿನಲ್ಲಿ ಬರೆದದ್ದು ಅದು, 1972ರಲ್ಲಿ ಬಂತು, ಸೈನ್ಸ್ ಫಿಕ್ಷನ್‌ಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಸಿಕ್ಕಿತು. ಅದರಲ್ಲಿ ಮರ ಕಡಿಸುವ ಕ್ಯಾಪ್ಟನ್ ಡೇವಿಡ್‌ಸನ್ ಅಪ್ಪಟ ಕೆಟ್ಟವನು. ಅಷ್ಟು ಪೂರ್ತಿ ಕೆಟ್ಟವರು ಇರುತ್ತಾರೆ ಅಂತ ತನಗೇ ನಂಬಿಕೆ ಇಲ್ಲ ಅಂತ ಲೇಖಕಿಯೇ ಆಮೇಲೆ ಮುನ್ನುಡಿಯಲ್ಲಿ ಬರೆದರು. ನಮ್ಮೂರಲ್ಲಿ ಮರ ಕಡಿದದ್ದು ಯಾವ ಗ್ರಹದಿಂದ ಬಂದವನೂ ಅಲ್ಲ. ತೋಟದ ಕಾಡುಮರ ತೆಗೆದು ಸಿಲ್ವರ್ ಓಕ್ ನೆಟ್ಟವರು ನಾವೇ, ಅದಕ್ಕೆ ಕರಿಮೆಣಸು ಹಬ್ಬಿಸಿದವರೂ ನಾವೇ. ಆ ದುಡ್ಡಿನಲ್ಲೇ ನಾನು ಓದಿದ್ದು. ಹಾಗಾಗಿ ನಿಮಗೆ ನಾನು ಹೇಳುವುದು 1974ರ 'ದಿ ಡಿಸ್ಪೊಸೆಸ್ಡ್'. ಮರಗಿಡ ಕಡಿಮೆ ಇರುವ ಒಣ ಗ್ರಹ ಅನಾರೆಸ್. ಅಲ್ಲಿ ಯಾರಿಗೂ ಆಸ್ತಿ ಇಲ್ಲ, ಸರ್ಕಾರ ಇಲ್ಲ, ಬರ ಬಂದಾಗ ಇದ್ದದ್ದನ್ನು ಹಂಚಿಕೊಂಡು ತಿನ್ನುತ್ತಾರೆ. ಅಂಥ ಊರಿನಲ್ಲೂ ಹೊಟ್ಟೆಕಿಚ್ಚು, ಅಧಿಕಾರದ ಆಸೆ ಹೇಗೆ ನುಸುಳುತ್ತದೆ ಅಂತ ಬರೆದಿದ್ದಾರೆ, ತಾವು ಮೆಚ್ಚಿದ ವ್ಯವಸ್ಥೆಯನ್ನೂ ಬಿಟ್ಟಿಲ್ಲ. ಶುರುವಿನಲ್ಲಿ ನಿಧಾನ ಅನ್ನಿಸಬಹುದು, ಬಿಡಬೇಡಿ.

ಗೋಣಿಕೊಪ್ಪ ಅಮ್ಮ:

ಮಗಳಿಗೆ ಅರ್ಥ್‌ಸೀ ಕೊಡಿ, ಎರಡು ಮಾತೇ ಇಲ್ಲ. ಮೊದಲ ಅಧ್ಯಾಯದಲ್ಲೇ ಮೇಕೆ ಕಾಯುವ ಏಳು ವರ್ಷದ ಹುಡುಗ ಚಿಕ್ಕಮ್ಮನ ಬಾಯಲ್ಲಿ ಕೇಳಿದ ಮಂತ್ರವನ್ನು ಅರ್ಥ ಗೊತ್ತಿಲ್ಲದೆ ಕೂಗಿಬಿಡುತ್ತಾನೆ. ಮೇಕೆಗಳೆಲ್ಲ ಓಡಿಬಂದು ಅವನನ್ನು ಒತ್ತಿಕೊಂಡು ನಿಲ್ಲುತ್ತವೆ, ಬಿಡಿಸಿಕೊಳ್ಳಲು ಆಗುವುದಿಲ್ಲ, ಅಳುತ್ತಾ ಊರಿನೊಳಗೆ ಓಡುತ್ತಾನೆ. ನನ್ನ ಮಗಳು ಆ ಪುಟವನ್ನು ಎಷ್ಟು ಸಲ ಓದಿಸಿಕೊಂಡಳೋ. ಇನ್ನೊಂದು ಮಾತು, ಆ ಹುಡುಗ ಗೆಡ್‌ನ ಮೈಬಣ್ಣ ಕಂದು. 2004ರಲ್ಲಿ ಟೀವಿಯವರು ಬಿಳಿ ಹುಡುಗನನ್ನು ಹಾಕಿದಾಗ ಲೇಖಕಿ ಜಾಸ್ತಿ ನೊಂದು ಬಹಿರಂಗವಾಗಿಯೇ ಬರೆದರು. ಎರಡನೇ ಭಾಗ 'ದಿ ಟೂಂಬ್ಸ್ ಆಫ್ ಅಟುವಾನ್' ಒಬ್ಬ ಹುಡುಗಿಯ ಕಥೆ, ದೇವಸ್ಥಾನದವರು ಚಿಕ್ಕಂದಿನಲ್ಲೇ ಅವಳ ಹೆಸರು ಕಿತ್ತುಕೊಂಡಿರುತ್ತಾರೆ. 1990ರ 'ತೆಹಾನು' ಮಾತ್ರ ಈಗ ಬೇಡ, ಮಗುವಿಗೆ ಆದ ಹಿಂಸೆ ಅದರಲ್ಲಿದೆ. ಅದನ್ನು ನೀವು ಓದಿ.

ಪೊನ್ನಂಪೇಟೆ ಓದುಗಿ:

ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಇಶಿಯ ಕಥೆ ಓದಿ ನಿನ್ನೆ ಸರಿಯಾಗಿ ನಿದ್ದೆ ಬರಲಿಲ್ಲ. ಸೋಮವಾರಪೇಟೆ ಅಣ್ಣಾ, ನೀವು ಹೇಳಿದ್ದು ನಿಜ. ನಮ್ಮ ಅಪ್ಪನೂ ಹಲಸು, ಅತ್ತಿ, ನಂದಿ ಎಲ್ಲ ತೆಗೆಸಿ ಸಿಲ್ವರ್ ಓಕ್ ಹಾಕಿಸಿದರು. ಆದರೆ ಯಾವ ಮೂಲೆಯಲ್ಲಿ ಯಾವ ಮರ ಇತ್ತು ಅಂತ ಅವರಿಗೆ ಇವತ್ತಿಗೂ ಬಾಯಿಪಾಠ. ಈ ಭಾನುವಾರ ಮಗಳನ್ನು ಅವರ ಜೊತೆ ತೋಟಕ್ಕೆ ಕಳಿಸುತ್ತೇನೆ, ಒಂದೊಂದರ ಹೆಸರೂ ಬರೆದುಕೊಂಡು ಬರಲಿ. ಅರ್ಥ್‌ಸೀ ಇವತ್ತೇ ಆರ್ಡರ್ ಹಾಕಿದೆ. 'ದಿ ಡಿಸ್ಪೊಸೆಸ್ಡ್' ನಿಮ್ಮ ಹತ್ತಿರ ಇದ್ದರೆ ಓದಲು ಕೊಡ್ತೀರಾ? ಮುಂದಿನ ವಾರ ಕುಶಾಲನಗರಕ್ಕೆ ಬರುವುದಿದೆ.